ಅಟ್ಟದಾಗ ಇಲ್ಲದ ಟ್ರಂಕು

ನಮ್ಮ ಅಣ್ಣನ ಎರಡು ಟ್ರಂಕು ಕ್ಯಾಸೆಟ್ಟು ನಾನು ಗುಜರಿಯವಂಗ ಕೊಟ್ಟೆ. ಅವನ್ನ ಒಂದು ಮಾತು ಕೇಳದ, ಅವ ಮನಿಯಾಗ ಇಲ್ಲದ ಹೊತ್ತು ನೋಡಿ ಕೊಟ್ಟೆ. ಇದನ್ನ ಮೊದಲ ಹೇಳಿಬಿಡ್ತೀನಿ. ಯಾಕಂದ್ರ ಮುಂದ ನಾ ಅತ್ತದ್ದು, ಓಡಾಡಿದ್ದು, ಕಂಡಕಂಡವರ ಮನಿ ಬಾಗಿಲಾ ಬಡದದ್ದು ಎಲ್ಲಾ ಬರ್ತೈತಿ. ಅದನ್ನ ಓದಿ ನೀವು "ಪಾಪ, ಅಣ್ಣನ ಮ್ಯಾಲ ಎಷ್ಟು ಜೀವಾ" ಅಂದುಬಿಟ್ಟೀರಿ. ಜೀವಾ ಇತ್ತು, ಖರೇ. ಕೊಟ್ಟಾಕಿನೂ ನಾನ.

ಅಣ್ಣಂದು ಖಾನಾಪುರದಾಗ ಸ್ಟೇಷನ್ ರಸ್ತಾಕ್ಕ ಒಂದು ಸಣ್ಣ ಕ್ಯಾಸೆಟ್ ಅಂಗಡಿ ಇತ್ತು. ಇಬ್ಬರು ಗಿರಾಕಿ ಒಳಗ ಬಂದ್ರ ಮೂರನೇದವ ಪಾವಟಿಗಿ ಮ್ಯಾಲ ನಿಂದ್ರಬೇಕು, ಅಷ್ಟು ಸಣ್ಣದು. ಅಲ್ಲಿ ಮಾರೂದಕ್ಕಿಂತ ಭರಿಸೂದು ಹೆಚ್ಚು. ಭರಿಸೂದು ಅಂದ್ರ, ಜನ ತಮಗ ಬೇಕಾದ ಹಾಡಿನ ಪಟ್ಟಿ ಬರಕೊಂಡು ಬರ್ತಿದ್ರು, ಅಣ್ಣ ತನ್ನ ಕಪಾಟಿನಾಗಿನ ಕ್ಯಾಸೆಟ್ಟಿನಿಂದ ಒಂದೊಂದ ಹಾಡು ಹುಡುಕಿ ಖಾಲಿ ಕ್ಯಾಸೆಟ್ಟಿಗೆ ಇಳಿಸಿ ಕೊಡ್ತಿದ್ದ. ಕಾಯದೇ ಏನಂತೈತಿ ಅಂತ ನನ್ನ ಕೇಳಬ್ಯಾಡ್ರಿ, ಆಗ ಊರಾಗ ಯಾರಿಗೂ ಆ ಪ್ರಶ್ನಿ ಹೊಳದಿರಲಿಲ್ಲ. ಖಾನಾಪುರದ ಪಟ್ಟಿ ಅಂದ್ರ ಮೊದಲ ಎರಡು ಮರಾಠಿ ಅಭಂಗ, ನಡುವ ನಮ್ಮ ವಚನ, ಕಡೀಕ ಹಿಂದಿ ಸಿನಿಮಾದ್ದು. ಒಂದ ಮನಿಯ ಪಟ್ಟಿಯಾಗ ಮೂರು ಭಾಷೆ ಇರ್ತಿದ್ದುವು, ಅಣ್ಣಗ ಮೂರೂ ಒಂದ.

ಒಂದ ಹಾಡು ಹತ್ತು ಮಂದಿ ಹಾಡಿದ್ರ ಅದರಾಗ ಛಲೋದನ್ನ ಆರಿಸೂದು ಅವಂಗ ಗೊತ್ತಿತ್ತು. ಅದಕ್ಕ ಬೇರೆ ಅಂಗಡಿಯವರು ಅವ ಭರಿಸಿದ ಕ್ಯಾಸೆಟ್ಟು ಗಿರಾಕಿಗಳ ಹತ್ರ ಇಸಕೊಂಡು ಹಂಗ ನಕಲು ಹೊಡ್ಯಾಕ ಹತ್ತಿದ್ರು. ಅಣ್ಣಗ ಸಿಟ್ಟು ಬಂತು. ಸಿಟ್ಟು ಬಂದ್ರ ಜಗಳಾ ಮಾಡಾವಲ್ಲ, ಒಳಗಿಂದೊಳಗ ಒಂದು ಉಪಾಯ ಹುಡುಕಾವ. ಒಂದು ಹಾಡು ಮುಗದು ಇನ್ನೊಂದು ಸುರು ಆಗೂದರ ನಡುವ ತನ್ನ ದನಿ ತುಂಬಿಬಿಟ್ಟ. "ಇದು ಇಂಥವರ ಮನಿಯದು. ಮುಂದಿನ ಹಾಡು ಕೇಳ್ರಿ." ಯಾರ ಮನಿಗೆ ಭರಿಸ್ಯಾನೋ ಆ ಮನಿ ಹೆಸರು ಹೇಳೂದು. ನಕಲು ಹೊಡದ್ರ ಅದೂ ಬರಬೇಕಲ್ಲ! ತನ್ನ ಸ್ವಂತ ಕ್ಯಾಸೆಟ್ಟಿನ ಮ್ಯಾಲೂ ಬಿಡಲಿಲ್ಲ, "ಇದು ಅಂಗಡೀದು" ಅಂತ ತುಂಬಿದ. ರೆಕಾರ್ಡಿನ ಗುಂಡಿ ಒತ್ತಿ, ತಲಿ ಬಗ್ಗಿಸಿ, ಗುಡಿಯಾಗ ಹರಕಿ ಹೊತ್ತವರಂಗ ಆ ಎರಡು ಮಾತು ಹೇಳ್ತಿದ್ದ. ಎಷ್ಟು ಸಾವಿರ ಸಲ ಹೇಳ್ಯಾನೋ ದೇವರಿಗೇ ಗೊತ್ತು. ಊಟಕ್ಕ ಕುಂತಾಗ ನಾನು ಅವನ ತಾಟಿಗೆ ರೊಟ್ಟಿ ಹಾಕಿ "ಇದು ಅಣ್ಣಂದು, ಮುಂದಿನ ರೊಟ್ಟಿ ತಿನ್ರಿ" ಅಂತ ಕಾಡಸ್ತಿದ್ದೆ. ಅವ್ವ ನಗತಾ ನಗತಾ ನೀರು ಕುಡೀತಿದ್ಲು.

ಕಾಲ ಬದಲಾತು, ಅಂಗಡಿ ಮುಚ್ಚಿತು. ಅದರಾಗ ವಿಶೇಷ ಏನಿಲ್ಲ, ಎಲ್ಲಾ ಊರಾಗೂ ಮುಚ್ಚಿದುವು. ಅಣ್ಣ ಲಗ್ನ ಆಗಲಿಲ್ಲ. ನಮ್ಮ ಯಜಮಾನರು ತೀರಿಕೊಂಡ ಮ್ಯಾಲ ಬೆಳಗಾವಿಯಾಗ ಸದಾಶಿವನಗರದ ಮನಿಯಾಗ ನಾನೊಬ್ಬಾಕಿನ ಉಳದೆ. "ಬಾ ಅಣ್ಣಾ, ಇಬ್ಬರೂ ಕೂಡಿ ಇರೂಣು" ಅಂದೆ. ಬಂದ. ಒಂದು ಚೀಲ ಅರಿವಿ, ಎರಡು ಟ್ರಂಕು ಕ್ಯಾಸೆಟ್ಟು.

ನಾನು ಹೈಸ್ಕೂಲಿನಾಗ ವಿಜ್ಞಾನ ಕಲಿಸಿದಾಕಿ. ನನಗ ಸಾಮಾನು ಹರವಿದ್ರ ತಲಿ ಕೆಡತೈತಿ. ಅಣ್ಣ ದಿನಾ ಸಂಜಿಕ್ಕ ಟ್ರಂಕು ತಗದು, ಹತ್ತು ಕ್ಯಾಸೆಟ್ಟು ಹಾಸಿಗಿ ಮ್ಯಾಲ ಹರವಿ, ಒಂದೊಂದನ್ನ ಧೋತರದ ಅಂಚಿಲೆ ಒರಸಿ, ಸಡಲಾದ ಟೇಪನ್ನ ಪೆನ್ಸಿಲ್ ಹಾಕಿ ತಿರುವಿ ಬಿಗಿ ಮಾಡಿ, ಆಮ್ಯಾಲ ಒಂದನ್ನ ಹಚ್ಚಾವ. ಅರ್ಧಾ ತಾಸು ಕೇಳಾಕ ಒಂದು ತಾಸಿನ ತಯಾರಿ! "ಅಣ್ಣಾ, ಈ ಫೋನಿನಾಗ ಲೋಕದಾಗಿನ ಹಾಡೆಲ್ಲಾ ಅದಾವ, ಹೆಸರು ಹೇಳಿದ್ರ ಸಾಕು ಹಾಡತೈತಿ" ಅಂತ ನಾನು. "ಅದಾವಲ್ಲ, ಯಾರವು ಅವು?" ಅಂತ ಅವ. ಯಾರವಾದ್ರೇನೋ ಮಾರಾಯಾ, ಕೇಳಾಕ ಬಂದ್ರ ಸಾಕಲ್ಲ! ಹಿಂಗ ದಿನಾ ನಡೀತಿತ್ತು.

ಒಂದಿನ ನಾ ಫೋನಿನಾಗ ಆರಿಸಿ ಇಟ್ಟಿದ್ದ ಒಂದು ಹಾಡು ಬೂದಿಬಣ್ಣಕ್ಕ ತಿರುಗಿ ಕುಂತಿತ್ತು. ಒತ್ತಿದ್ರ ಹಾಡವಲ್ದು. ಈಗ ಇದು ಸಿಗೂದಿಲ್ಲ ಅಂತ ಒಂದು ಸಾಲು. ಯಾಕ, ಯಾರು ತಗದ್ರು, ಕೇಳಾಕ ಒಂದು ಬಾಗಿಲಾ ಇಲ್ಲ, ಒಬ್ಬ ಮನಷ್ಯಾ ಇಲ್ಲ. ನನಗ ಭಾಳ ಕೆಟ್ಟ ಅನಿಸ್ತು. ಆದ್ರ ಅಣ್ಣನ ಮುಂದ ಸೋತಂಗ ಆಗ್ತೈತಿ ಅಂತ ಬಾಯಿ ಬಿಡಲಿಲ್ಲ. ನನ್ನ ಸ್ವಭಾವ ಅಂಥಾದ್ದು.

ಹ್ವಾದ ಆಷಾಢದಾಗ ಅಣ್ಣ ಖಾನಾಪುರದ ಭಕ್ತರ ದಿಂಡಿ ಕೂಡ ಪಂಢರಪುರಕ್ಕ ನಡಕೊಂತ ಹೊಂಟ. ಅವಂದು ಪ್ರತಿ ವರ್ಷದ ವಾರಿ ಅದು, ಹೋಗಿ ಬರಾಕ ಮೂರು ವಾರ ಬೇಕು. ಅದ ಹೊತ್ತಿನಾಗ ನಾನು ಮನಿಗೆ ಬಣ್ಣಾ ಹಚ್ಚಿಸಾಕ ಕರಸಿದೆ. ಅಣ್ಣನ ಖೋಲಿಯಾಗ ಟ್ರಂಕು ಸರಸಿದ್ರ ಗ್ವಾಡಿ ಬುಡಕ ಗೆದ್ದಲು! ಒಂದು ಟ್ರಂಕಿನ ತಳದ ಕಾಗದ ತಿಂದು ಮಣ್ಣು ಮಾಡಿದ್ದುವು. ನನ್ನ ಪಿತ್ತ ನೆತ್ತಿಗೇರಿತು. ಇನ್ನ ಸಾಕು ಅಂದೆ.

ಪೂರಾ ಬುದ್ಧಿಗೇಡಿ ಅಲ್ಲ ನಾನು, ಹಂಗ ಹೊರಗ ಒಗೀಲಿಲ್ಲ. ನಮ್ಮ ಬೆಳಗಾವಿಯ ಶಹಾಪುರದಾಗ ಹಳೇ ಕ್ಯಾಸೆಟ್ಟು ಪೆನ್ ಡ್ರೈವಿಗೆ ಹಾಕಿಕೊಡಾವ ಒಬ್ಬವ ಇದ್ದ, ಎರಡೂ ಟ್ರಂಕು ಅವನ ಹತ್ರ ಕಳಿಸಿದೆ. ನಾಕನೇ ದಿನಕ್ಕ ಅವ ಫೋನ್ ಮಾಡಿದ. "ಅಕ್ಕಾರ, ಹಾಡಿನ ನಡುನಡುವ ಯಾರೋ ಏನೋ ಮಾತಾಡ್ಯಾರ ನೋಡ್ರಿ. ಇಡ್ಲ್ಯೋ, ತಗೀಲ್ಯೋ?"

"ತಗೀರಿ, ಹಾಡಷ್ಟ ಇರ್ಲಿ" ಅಂದೆ.

ಆಗ ನಾನು ಪ್ಯಾಟಿಯಾಗ ಬಣ್ಣದ ಅಂಗಡಿ ಮುಂದ ನಿಂತಿದ್ದೆ, ಅಷ್ಟ ನೆನಪೈತಿ. ಒಂದು ಕ್ಷಣ ಸುದ್ದಾ ವಿಚಾರ ಮಾಡಲಿಲ್ಲ. ಪೆನ್ ಡ್ರೈವು ಬಂತು, ಹೆಬ್ಬಟ್ಟಿನಷ್ಟು. ಟ್ರಂಕು ಬಂದುವು. ಬಂದ ದಿನಾನ ಓಣ್ಯಾಗ ಗುಜರಿಯವನ ಗಾಡಿ ಕೂಗಿತು.

ಅಣ್ಣ ವಾರಿ ಮುಗಿಸಿ ಕಾಲು ಬಾತುಕೊಂಡು ಬಂದ. ಬಿಸಿನೀರಾಗ ಕಾಲಿಟ್ಟು ಕುಂತಾಗ ಪೆನ್ ಡ್ರೈವು ಅಂಗೈಯಾಗ ಇಟ್ಟೆ. "ನಿನ್ನ ಅಂಗಡಿ ಪೂರಾ ಇದರಾಗ ಐತಿ." ಅವ ಅದನ್ನ ಹೊಳ್ಳಿಸಿ ಮಳ್ಳಿಸಿ ನೋಡಿ ನಕ್ಕ. "ಭಾರಿ ಮಾಡಿದಿ. ಟ್ರಂಕು?"

ಆಗ ಹೇಳಬೇಕಿತ್ತು. ಅವನ ಮುಖದಾಗ ಎಷ್ಟು ಖುಷಿ ಇತ್ತು ಅಂದ್ರ, ನನ್ನ ಬಾಯಿಗೆ ಖರೇ ಬರಲಿಲ್ಲ. "ಅಟ್ಟದಾಗ ಇಟ್ಟೀನಿ. ಗೆದ್ದಲ ಔಷಧ ಹೊಡದೈತಿ, ಸ್ವಲ್ಪ ದಿನ ಮುಟ್ಟಬ್ಯಾಡ" ಅಂದೆ. ನೆಲದ ಮ್ಯಾಲ ಎಷ್ಟ ನಡದ್ರೂ, ಅಟ್ಟಕ್ಕ ಹತ್ತು ಅಂದ್ರ ಅವನ ಮೊಣಕಾಲು ಕೇಳೂದಿಲ್ಲ, ಅದು ನನಗ ಗೊತ್ತಿತ್ತು. ಎಷ್ಟು ಹೊಲಸು ಲೆಕ್ಕಾಚಾರ ನೋಡ್ರಿ. ಅವ ಪೆನ್ ಡ್ರೈವು ಹಚ್ಚಲಿಲ್ಲ, ಔಷಧದ ವಾಸನಿ ಹೋಗಲಿ ಅಂತ ಟ್ರಂಕಿನ ಹಾದೀನ ಕಾಯ್ದ.

ದಸರಾ ಮುಗದ ಒಂದು ಮುಂಜಾನಿ ಅಣ್ಣನ ಕೈಯಾಗಿನ ಚಾದ ಕಪ್ಪು ಬಿತ್ತು. ಎತ್ತಾಕ ಬಗ್ಗಿದಾವ ಮ್ಯಾಲ ಏಳಲಿಲ್ಲ. ನೆಹರು ನಗರದ ದವಾಖಾನಿಗೆ ಒಯ್ದೆ. ಜೀವಾ ಉಳೀತು. ಬಲಗೈ ಹೋತು, ಬಲಗಾಲು ಎಳದಂಗ ಆತು, ಮಾತು ಪೂರಾ ನಿಂತುಬಿಟ್ಟಿತು. ಎಲ್ಲಾ ತಿಳೀತಿತ್ತು ಅವಂಗ. ಹೇಳಾಕ ಹ್ವಾದ್ರ ಬರೇ "ಹ್ಞ, ಹ್ಞ" ಅಂತ ಬರೂದು, ಆಮ್ಯಾಲ ಕಣ್ಣಾಗ ನೀರು.

ಮಾತು ಕಲಿಸೂ ಡಾಕ್ಟರಬಾಯಿ ಒಬ್ಬಾಕಿ ಇದ್ಲು, ಭಾಳ ಸಮಾಧಾನದ ಹುಡುಗಿ. "ಮಾತು ಬರದವರಿಗೂ ಹಾಡು ಬರತೈತಿ ಅಕ್ಕಾರ. ಬಾಯಿಪಾಠ ಆಗಿದ್ದು ತಲಿಯಾಗ ಬ್ಯಾರೆ ಕಡೆ ಇರತೈತಿ. ಅವರಿಗೆ ಭಾಳ ರೂಢಿ ಇದ್ದ ಹಾಡು ದಿನಾ ಹಚ್ಚರಿ. ಒಂದು ಮಾತು ಹೊರಗ ಬಂದ್ರ ಉಳದದ್ದಕ್ಕ ಹಾದಿ ಆಗತೈತಿ" ಅಂದ್ಲು. ಮೊದಲ ಆರು ತಿಂಗಳದಾಗ ಬಂದದ್ದ ಹೆಚ್ಚು ಅಂತನೂ ಹೇಳಿದ್ಲು. ಅವತ್ತಿನಿಂದ ನನಗ ಕ್ಯಾಲೆಂಡರ ನೋಡೂದ ಒಂದು ಕೆಲಸ ಆತು.

ಪೆನ್ ಡ್ರೈವು ಹಚ್ಚಿದೆ. ಅಣ್ಣ ಕಣ್ಣು ಮುಚ್ಚಿ ಕೇಳಿದ. ರಾಗಕ್ಕ ಸರಿಯಾಗಿ ಗುಂಯ್‌ಗುಟ್ಟಿದ, ನನಗ ಆಸೆ ಹುಟ್ಟಿತು. ಆದ್ರ ಹಾಡು ಮುಗೀತಿದ್ದಂಗ ಎಡಗೈ ಎತ್ತಿ, ತಲಿ ಬಗ್ಗಿಸಿ, ಬಾಯಿ ತಗದು ಏನೋ ಕಾಯಾಂವ. ಅಷ್ಟರಾಗ ಮುಂದಿನ ಹಾಡು ಬಂದುಬಿಡೂದು. ಅವ ಸಿಟ್ಟಿಲೆ ತಲಿ ಅಳ್ಳಾಡಸಾಂವ, ಎಡಗೈಲೆ ಮಂಚಾ ಬಡಿಯಾಂವ. ದಿನಾ ಇದ. ಹಾಡು ಬದಲಿ ಮಾಡಿದೆ, ಸಪ್ಪಳ ಹೆಚ್ಚು ಕಡಿಮಿ ಮಾಡಿದೆ. ಏನು ಬೇಕೋ ಅಣ್ಣಾ ಅಂತ ಗದರಿಸಿದೆ ಸುದ್ದಾ. ಆಮ್ಯಾಲ ಅವ ಎಡಗೈಯ ಎರಡು ಬೆರಳು ಕೂಡಿಸಿ ಗಾಳಿಯಾಗ ಗರಗರ ತಿರಿವಿ, ಮ್ಯಾಲ ಅಟ್ಟದ ಕಡೆ ತೋರಿಸಾಕ ಹತ್ತಿದ. ಪೆನ್ಸಿಲ್ ಹಾಕಿ ಟೇಪು ತಿರುವೂದು. ಅದು ನನಗ ಕೂಡಲೇ ತಿಳೀತು.

"ತಗಸ್ತೀನಿ ಅಣ್ಣಾ, ಮಂದಿ ಕರಸ್ತೀನಿ" ಅಂದೆ. ಒಂದು ಸುಳ್ಳಿಗೆ ಇನ್ನೊಂದು ತ್ಯಾಪಿ.

ಅವ ಕಾಯೂದು ತನ್ನ ದನೀನ ಅಂತ ನನ್ನ ತಲಿಗೆ ಬರಾಕ ಎಂಟು ವಾರ ಹಿಡೀತು. ಒಂದು ಮಧ್ಯಾಹ್ನ ಅವನ ತಾಟಿಗೆ ರೊಟ್ಟಿ ಹಾಕೂ ಮುಂದ, ಹಳೇ ಚಾಷ್ಟಿ ಬಾಯಿಗೆ ಬಂತು. "ಇದು ಅಣ್ಣಂದು" ಅಂದೆ. ಅಂದಾಕಿನ ನಿಂತುಬಿಟ್ಟೆ. ತಗೀರಿ, ಹಾಡಷ್ಟ ಇರ್ಲಿ! ಅಡಗಿಮನಿಗೆ ಹೋಗಿ ನನ್ನ ಹಣಿ ನಾನ ಬಡಕೊಂಡೆ.

ಗುಜರಿಯವನ್ನ ಹುಡುಕಿದೆ, ಅವ ಎಂದೋ ಎಲ್ಲಾ ಮಾರಿ ಕೈ ತೊಳಕೊಂಡಿದ್ದ. ಶಹಾಪುರದವಂಗ ಓಡಿ ಕೇಳಿದೆ. ತಗದದ್ದು ತಗದಂಗ, ಅವನ ಹತ್ರ ಏನೂ ಉಳದಿರಲಿಲ್ಲ. ತಪ್ಪು ಅವಂದಲ್ಲ. ಕೇಳಿದ್ದ, ನಾ ಹೇಳಿದ್ದೆ.

ಇನ್ನ ಒಂದ ಹಾದಿ. ಅಣ್ಣ ಭರಿಸಿಕೊಟ್ಟ ಕ್ಯಾಸೆಟ್ಟು ಖಾನಾಪುರದ ಮನಿಮನಿಯಾಗ ಇದ್ದುವಲ್ಲ, ಒಂದರ ಸಿಗೂದಿಲ್ಲೇನು? ಅಣ್ಣನ್ನ ನೋಡಿಕೊಳ್ಳಾಕ ಒಬ್ಬಾಕಿನ್ನ ಇಟ್ಟು, ವಾರಕ್ಕೆರಡು ಸಲ ಬಸ್ ಹಿಡದು ಹೊಂಟೆ. ಹಳೇ ಗಿರಾಕಿಗಳ ಮನಿ ಹುಡುಕಿದೆ. "ಅಯ್ಯ, ಈಗ ಯಾರು ಇಡ್ತಾರ ಅಕ್ಕಾರ, ಒಗದ್ವಿ" ಅಂದ್ರು. "ಮಕ್ಕಳು ಆಡಿ ಹರದ್ರು." ಒಬ್ಬಾಕಿ ನಗತಾ ನನ್ನನ್ನ ಹಿತ್ತಲಕ್ಕ ಕರಕೊಂಡು ಹೋಗಿ ಕಾಯಿಪಲ್ಲೆ ಮಡಿ ತೋರಿಸಿದ್ಲು. ಹಕ್ಕಿ ಹೆದರಲಿ ಅಂತ ಗೂಟದಿಂದ ಗೂಟಕ್ಕ ಕ್ಯಾಸೆಟ್ಟಿನ ಟೇಪು ಕಟ್ಟಿದ್ರು. ಬಿಸಲಾಗ ಮಿಣಮಿಣ ಅಂತಿತ್ತು. ಅದರಾಗ ಅಣ್ಣನ ದನಿ ಎಲ್ಲಿಂದ ಎಲ್ಲಿತನಕಾ ಇತ್ತೋ ಏನೋ. ಆಕಿಗೆ ಸಿಟ್ಟಾಗಾಕ ನನಗ ಬಾಯಿ ಇತ್ತೇನು? ಆಕಿ ಹಾಳು ಮಾಡಿದ್ದು ಒಂದ, ನಾ ಎರಡು ಟ್ರಂಕು ಕೊಟ್ಟಿದ್ದೆ.

ಕಡೀಕ ಸಿಕ್ಕಿದ್ದು ಹಿಟ್ಟಿನ ಗಿರಣಿಯಾಗ. ಗಿರಣಿ ನಡಸಾಕಿ ನನ್ನ ವಯಸ್ಸಿನ ಮರಾಠಿ ಹೆಂಗಸು, ತಲಿಯಿಂದ ಕಾಲತನಕಾ ಹಿಟ್ಟು. ಮೂಲ್ಯಾಗ ಒಂದು ಟೇಪ್ ರೆಕಾರ್ಡರು, ಅದರ ಮ್ಯಾಲೂ ಹಿಟ್ಟು. ಗಿರಣಿ ಬೆಲ್ಟಿನ ಸಪ್ಪಳದಾಗ ಅಭಂಗ ಹಾಡತಿತ್ತು. ಹಾಡು ಮುಗೀತು. ಹರೇದ ದನಿ ಒಂದು ಹೇಳಿತು: "ಇದು ಗಿರಣಿ ಮನಿಯದು. ಮುಂದಿನ ಹಾಡು ಕೇಳ್ರಿ."

ನಾನು ಅಲ್ಲೇ ಜ್ವಾಳದ ಚೀಲದ ಮ್ಯಾಲ ಕುಂತುಬಿಟ್ಟೆ.

ಆಕಿ ನೀರು ಕೊಟ್ಲು. ನಾ ಯಾರು ಅಂತ ಹೇಳಿದ ಮ್ಯಾಲ ಆಕಿಗೂ ಕಣ್ಣು ತುಂಬಿತು. "ನಾ ಲಗ್ನ ಆಗಿ ಬಂದಾಗ ನನಗ ಕನ್ನಡ ಒಂದಕ್ಷರ ಬರತಿರಲಿಲ್ಲ, ಬಾಯಾರ. ಮೊದಲ ಕಲತ ಕನ್ನಡ ಇದ, ಮುಂದಿನ ಹಾಡು ಕೇಳ್ರಿ. ನಮ್ಮ ಮಾಲಕರು ಲಗ್ನಕ್ಕಂತ ಭರಿಸಿದ ಕ್ಯಾಸೆಟ್ಟು. ಅವರು ಹೋದ್ರು, ಇದು ಐತಿ." ಮಾಲಕರು ಅಂದ್ರ ಆಕಿ ಗಂಡ.

"ಎಂಟು ದಿನಕ್ಕ ಕೊಡ್ರಿ. ಜ್ವಾಕಿ ಇಟ್ಟು ತಂದು ಕೊಡ್ತೀನಿ" ಅಂದೆ.

"ಇಲ್ಲ."

ಹಂಗ, ಒಂದ ಮಾತು. ನಾ ಕೈ ಮುಗದೆ. ಅಣ್ಣನ ಜೀವದ ಪ್ರಶ್ನಿ ಅಂದೆ, ಸ್ವಲ್ಪ ದನಿ ಏರಿಸಿದೆ ಸುದ್ದಾ. ಆಕಿ ಹಿಟ್ಟು ತುಂಬೂದು ಬಿಡಲಿಲ್ಲ. "ಇನ್ನೊಂದು ಇತ್ತು, ಬಾಯಾರ, ನಮ್ಮ ಮಾಲಕರು ಹಾಡಿದ್ದು. ಬಾಜು ಮನಿಯವರು ಎರಡ ದಿನಾ ಅಂತ ಒಯ್ದ್ರು. ಯಾರೂ ಅಳಸಬಾರದಂತ ಮುರದಿಟ್ಟ ಮ್ಯಾಲಿನ ತೂತಿಗೆ ಕಾಗದ ತುರುಕಿ, ಅದರ ಮ್ಯಾಲ ತಮ್ಮ ಮಗಳ ಬರ್ತಡೇ ತುಂಬಿಕೊಂಡು ತಂದು ಕೊಟ್ರು. ಅವತ್ತ ಠರಾವು ಮಾಡೀನಿ, ಇದು ಈ ಹೊಸ್ತಲಾ ದಾಟೂದಿಲ್ಲ." ಆಮ್ಯಾಲ ಮೆತ್ತಗ ಅಂದ್ಲು, "ತ್ಯಾಂನಾಚ್ ಇಕಡೆ ಆಣಾ." ಅವರನ್ನ ಇಲ್ಲಿ ಕರಕೊಂಡು ಬರ್ರಿ ಅಂತ.

ಅರ್ಧಾ ಮೈಯಾಗ ಸತ್ವ ಇಲ್ಲದವನ್ನ ಬೆಳಗಾವಿಯಿಂದ ಖಾನಾಪುರದ ಗಿರಣಿಗೆ ತರೂದಂತ! ನನಗ ಮೈಯೆಲ್ಲಾ ಉರೀತು. ಕಡೀಕ ಫೋನಿನಾಗ ತುಂಬ್ಕೊಳ್ಳಾಕ ಕೇಳಿದೆ, ಅದಕ್ಕ ಆಕಿ ಬ್ಯಾಡ ಅನಲಿಲ್ಲ. ಗಿರಣಿ ಸಪ್ಪಳದಾಗ ಆದಷ್ಟು ತುಂಬಿಕೊಂಡು ಓಡಿ ಬಂದು ಅಣ್ಣಗ ಹಚ್ಚಿದೆ.

ಅವ ತನ್ನ ದನಿ ಗುರುತು ಹಿಡದ. ಬಾಯಿ ತಗದ. ಮಾತು ಬರಲಿಲ್ಲ. ಫೋನು ಎಡಗೈಯಾಗ ತಗೊಂಡು, ಹಿಂದಮುಂದ ಹೊಳ್ಳಿಸಿ ನೋಡಿ, ಹಾಸಿಗಿ ಮ್ಯಾಲ ಇಟ್ಟ. ಗಾಳಿಯಾಗ ಪೆನ್ಸಿಲ್ ತಿರಿವಿದ. ಅಟ್ಟ ತೋರಿಸಿದ. ಈ ಸಲ ಬಡೀಲಿಲ್ಲ, ಕೈ ಜೋಡಸಾಕ ಬರದವ ಒಂದ ಕೈಯ ಎದಿಗೆ ಇಟ್ಟು ಬೇಡಿಕೊಂಡ.

ಮರುವಾರ ಬಾಡಗಿ ಕಾರು ಮಾಡಿ ಅವನ್ನ ಖಾನಾಪುರಕ್ಕ ಒಯ್ದೆ. ದೇಸೂರು ದಾಟಿದ ಮ್ಯಾಲ ಅವ ಕಿಡಕಿ ಬಿಟ್ಟು ಈಚೆ ತಿರುಗಲಿಲ್ಲ. ಗಿರಣಿ ಮುಂದ ಐದಾರು ಮಂದಿ ಚೀಲ ಹಿಡಕೊಂಡು ನಿಂತಿದ್ರು. ಆಕಿ ನಮ್ಮನ್ನ ನೋಡಿದಾಕಿನ ಗಿರಣಿ ಬಂದ್ ಮಾಡಿದ್ಲು. "ಸ್ವಲ್ಪ ನಿಂದರ್ರಿ" ಅಂತ ಮಂದಿಗೆ ಹೇಳಿ, ಖುರ್ಚಿ ಒರಸಿ, "ಕುಂದರ್ರಿ ದಾದಾ" ಅಂದ್ಲು. ಕ್ಯಾಸೆಟ್ಟು ಅವನ ತೊಡಿ ಮ್ಯಾಲ ಇಟ್ಲು.

ಡಬ್ಬಿ ಮ್ಯಾಲ ನೀಲಿ ಶಾಯಿಯಾಗ ಅಣ್ಣನ ಅಕ್ಷರ. ಅವ ಅದರ ಮ್ಯಾಲ ಹೆಬ್ಬಟ್ಟು ಒಂದೊಂದ ಸಾಲಿಗೆ ಇಳಿಸಿಕೊಂತ ಬಂದ. ಟೇಪು ಸಡಲಾಗಿತ್ತು. ಗಿರಣ್ಯಾಕಿ ಚೀಲಕ್ಕ ಗುರುತು ಹಾಕೂ ಪೆನ್ಸಿಲ್ ಕೊಟ್ಟು, ಕ್ಯಾಸೆಟ್ಟು ತಾನ ಹಿಡದ್ಲು. ಅಣ್ಣ ಎಡಗೈಲೆ ತಿರಿವಿ ಬಿಗಿ ಮಾಡಿದ. ತಾನ ಒಳಗ ಹಾಕಿದ, ತಾನ ಗುಂಡಿ ಒತ್ತಿದ. ನಾ ಮುಂದ ಹ್ವಾದ್ರ ಮೊಣಕೈಲೆ ಸರಿಸಿದ.

ಮೊದಲನೇ ಹಾಡು ಮುಗೀತು. ಹರೇದ ಅಣ್ಣ ಮಾತಾಡಿದ. ಈ ಅಣ್ಣನ ತುಟಿ ಅಳ್ಳಾಡಿದುವು. ಎರಡನೇದು ಮುಗೀತು, "ಇ… ಇ…" ಅಂತ ಬಂತು. ಮೂರನೇ ಹಾಡು ಮುಗಿಯೂ ಮೊದಲ ಅವ ಎಡಗೈ ಎತ್ತಿ ತಲಿ ಬಗ್ಗಿಸಿದ. ಟೇಪಿನ ಕೂಡ, ಒಂದಕ್ಷರ ಹಿಂದ ಬೀಳದ, ಸ್ವಚ್ಛ ಹೇಳಿದ: "ಇದು ಗಿರಣಿ ಮನಿಯದು. ಮುಂದಿನ ಹಾಡು ಕೇಳ್ರಿ."

ಚೀಲ ಹಿಡದ ಮಂದಿ ಹೋ ಅಂದ್ರು. ಗಿರಣ್ಯಾಕಿ ಸೆರಗು ಬಾಯಿಗೆ ಒತ್ತಿಕೊಂಡ್ಲು. ನಾನು ನಾಚಿಕಿ ಬಿಟ್ಟು ಅತ್ತೆ. ನಾಕು ತಿಂಗಳಾಗಿತ್ತು ಆ ದನಿ ಕೇಳಿ.

ಅಣ್ಣ ಗುಂಡಿ ಒತ್ತಿ ಹಾಡು ನಿಲ್ಲಿಸಿದ. ನನ್ನ ಕಡೆ ತಿರುಗಿದ. ಕುತ್ತಿಗಿ ನರ ಬಿಗದುವು, ತುಟಿ ಎರಡು ಸಲ ಕೂಡಿ ಬಿಟ್ಟುವು. ಯಾವ ಟೇಪೂ ಹೇಳಿಕೊಡಲಾರದ ಒಂದು ಮಾತು, ಅವಂದ ಆದದ್ದು, ಹೊರಗ ಬಂತು.

"ನಂದು?"

ಎಷ್ಟು ದಿನಾ ಬೇಡಿಕೊಂಡಿದ್ದೆ ಒಂದು ಮಾತಿಗೆ. ಅದ ಬಂದು ನನ್ನ ಮುಂದ ನಿಂತಿತ್ತು. ಅಟ್ಟ ಅನ್ನೂ ಶಬ್ದ ಬಾಯಿತನಕಾ ಬಂತು, ಖರೇ ಹೇಳ್ತೀನಿ, ಆಗಲೂ ಬಂತು. ಅದನ್ನ ನುಂಗಿದೆ.

"ಅಟ್ಟದಾಗ ಇಲ್ಲ ಅಣ್ಣಾ. ನೀ ವಾರಿಗೆ ಹ್ವಾದಾಗ ಗುಜರಿಗೆ ಕೊಟ್ಟೆ. ನಡುವಿನ ನಿನ್ನ ಮಾತು ತಗೀರಿ ಅಂದಾಕಿನೂ ನಾನ."

ಅವ ತಿಳೀದವನಂಗ ನನ್ನ ಮುಖಾನ ನೋಡಿದ. "ನಂದು?" ಅಂದ ಮತ್ತ.

"ನಿಂದು. ಎಲ್ಲಾ ನಿಂದು. ಒಂದೂ ಉಳದಿಲ್ಲ."

ಅಣ್ಣ ಬೈಯಲಿಲ್ಲ, ಅಳಲಿಲ್ಲ. ಕ್ಯಾಸೆಟ್ಟು ಹೊರಗ ತಗದ. ಧೋತರದ ಅಂಚು ಎಡಗೈಗೆ ಸಿಗಲಿಲ್ಲ, ಅಂಗಿ ತೋಳಿಗೆ ತಿಕ್ಕಿ ಹಿಟ್ಟು ಒರಸಿದ, ಡಬ್ಬಿಯಾಗ ಹಾಕಿ ಕಟ್ ಅಂತ ಮುಚ್ಚಿದ. ಕೊಡತಾನ ಅಂತ ನಾ ಕೈ ಚಾಚಿದೆ. ಅವ ಖುರ್ಚಿಯಾಗ ಅಷ್ಟೂ ಮೈ ಹೊಳ್ಳಿಸಿ, ನನ್ನ ಕೈ ದಾಟಿಸಿ, ಅತ್ತಲಾಗ ಗ್ವಾಡಿ ಹಂತ್ಯಾಕ ನಿಂತ ಗಿರಣ್ಯಾಕಿಗೆ ಕೊಟ್ಟ. ಅವಂಗ ಹತ್ರ ಇದ್ದಾಕಿ ನಾನು.